ಐದ ಮಂದಿಗೆ ಪಲ್ಯ

ಭೋಗಿ ಹಿಂದಿನ ದಿನ ಮಂಡಯಿಗೆ ಹೋಗಿ
ಪಾವ್ ಕಿಲೋ ಬದನಿಕಾಯಿ, ಒಂದು ಬೊಗಸಿ ಅವರಿಕಾಯಿ,
ಎರಡು ಸೂಡು ಹಸಿ ಕಡ್ಲಿಗಿಡ, ನಾಕು ಗಜ್ಜರಿ ತಂದು
ಚೀಲ ಅವನ ಮುಂದ ಸುರುವಿದೆ.
ಗುರುಶಾಂತ ಕಾಕಾ ಕೈಯಾಡಿಸಿ ಕೇಳಿದ:
ಉಳದದ್ದು ಎಲ್ಲಿ?

ಉಳದದ್ದು ಇಲ್ಲ ಕಾಕಾ. ಇಷ್ಟ.
ನಾವು ಐದ ಮಂದಿ.

ಐದ ಮಂದಿ ಅನ್ನೂ ಲೆಕ್ಕ
ಅವನ ಕೈಗೆ ಎಂದೂ ತಿಳದಿಲ್ಲ.
ಸೊಲ್ಲಾಪುರದ ಗಿರಣಿ ಕ್ಯಾಂಟೀನಿನಾಗ ಇಪ್ಪತ್ತಾರು ವರ್ಷ,
ಒಂದೊಂದು ಪಾಳಿಗೆ ಮುನ್ನೂರು ತಾಟು,
ಮೊಳಕ್ಕಿಂತ ಉದ್ದನ್ನ ಸೌಟು,
ಭೋಂಗಾ ಹೊಡಿಯೂದರೊಳಗ ಪಲ್ಯ ಇಳಿದಿರಬೇಕು.
ಉಪ್ಪು ಅಂದರ ಅವನಿಗೆ ಮುಷ್ಟಿ.
ಎಣ್ಣಿ ಅಂದರ ಡಬ್ಬಿ ಬಗ್ಗಿಸಿ
ಹತ್ತರತನಾ ಎಣಿಸೂದು.

ಗಿರಣಿ ಮುಚ್ಚಿತು. ಭೋಂಗಾದ ಕೊಳವಿಯೊಳಗ
ಪಾರಿವಾಳ ಮರಿ ಮಾಡಿದವು.
ಕೈ ಮಾತ್ರ ಮುನ್ನೂರರಾಗ ನಿಂತಿತು.

ಹಬ್ಬದ ಕೆಲಸ ಹಂಚೂವಾಗ
ಸಜ್ಜಿ ರೊಟ್ಟಿ ಅವ್ವಗ, ಮ್ಯಾಲೆ ಎಳ್ಳು ಒತ್ತೂದು ನನಗ,
ಪಲ್ಯ ಕಾಕಾಗ.
ಪಲ್ಯ ಯಾರು ಹೊಗಳ್ತಾರ?
ಹೋಳಿಗಿ ಹೊಗಳ್ತಾರ, ತುಪ್ಪ ಹೊಗಳ್ತಾರ.
ತಾಟಿನ ಒಂದು ಬಾಜೂಕ ಸುಮ್ಮನ ಕೂತು
ರೊಟ್ಟಿ ತೀರೂತನಾ ಜೋಡಿಗಿರೂದು ಪಲ್ಯ.

ವರ್ಷಾ ದೊಡ್ಡ ಬೋಗಾಣಿ ತುಂಬಿ ಮಾಡಾಂವ.
ಇದೇನು ಮದವಿ ಮನಿಯೇನು, ಅವ್ವ ಬೈಯಾಕಿ.
ಅವಾಂವ ಸೌಟು ತಿರುವುತ ನಗಾಂವ,
ಮತ್ತ ಹನ್ನೊಂದು ಡಬ್ಬಿ ಹೊತ್ತು
ಚಾಳಿನ ಉದ್ದಕ್ಕೂ ನಾನು ಓಡಾಕಿ.
ನರ್ಸಮ್ಮ ಮಗ್ಗ ನಿಲ್ಲಸತಿರಲಿಲ್ಲ,
ಗದ್ದ ಎತ್ತಿ ಗೂಡು ತೋರಿಸಾಕಿ, ಅಲ್ಲಿಡು ಅಂತ.
ಶೇವಂತಾ ಮಾವ್ಶಿ ಮುಚ್ಚಳ ತಗದು ಮೂಸಿ,
ಬರಿ ಡಬ್ಬಿ ಕಳಿಸಬಾರದು ಅಂತ
ಎರಡು ಬಾರಿಹಣ್ಣು ಹಾಕಿ ಕೊಡಾಕಿ.
ಅವನ್ನ ನಾನು ದಾರ್ಯಾಗ ತಿಂದಿದ್ದು ಯಾರಿಗೂ ಹೇಳಿಲ್ಲ.

ಈಗ ಕಾಕಾನ ಎರಡೂ ಕಣ್ಣಿಗೆ ಮೋತಿಬಿಂದು.
ಒಲಿ ನನ್ನದು. ಅವನಿಗೆ ಬಾಗಲ ಹತ್ರ ಒಂದು ಮಣಿ.
ಅಲ್ಲೇ ಕೂತು ಕಡ್ಲಿ ಸುಲಿತಾನ,
ಹಸರು ಉಗರಿನೊಳಗ ಹತ್ತಿ ಕುಂತದ.

ಸಣ್ಣ ಕಡಾಯಿ ಇಟ್ಟೆ. ಎರಡು ಚಮಚ ಎಣ್ಣಿ.
ಸಾಸಿವಿ ಹಾಕಿದೆ.
ಅಂವ ಕಿವಿ ಈ ಕಡೆ ಮಾಡಿದ.
ಒಗ್ಗರಣಿ ಏನವಾ ಇದು,
ಮಗ್ಗಲ ಮನ್ಯಾಗ ಯಾರೋ ಪಿಸಿಪಿಸಿ ಅಂದಂಗ ಅದ.
ನಾನು ಮಾತಾಡಲಿಲ್ಲ.
ಹ್ಞಾ, ಸಾಸಿವಿ ಬಾಯಿ ಮುಚ್ಚಿದವು, ಬದನಿಕಾಯಿ ಹಾಕು.
ಹಾಕಿದೆ.
ಗಜ್ಜರಿ ಅವಸರ ಮಾಡಬ್ಯಾಡ.
ಎಳ್ಳು ಶೇಂಗಾ ಕುಟ್ಟಿದ್ದು ಕಡೀಕ,
ಬೆಲ್ಲ ಹುಣಸಿ ಒಂದರ ಮುಖ ಒಂದು ನೋಡಿದ ಮ್ಯಾಲೆ.
ಉಪ್ಪಿನ ಚಮಚ ಹುಡುಕಿದೆ, ಎಲ್ಲೂ ಇಲ್ಲ.
ಕಾಕಾ ಕಡ್ಲಿ ಸುಲಿಯೂದರಾಗ
ಭಾಳ ಮಗ್ನ ಆಗಿದ್ದ.
ಮುಷ್ಟಿಲೇ ಹಾಕಿದೆ, ಅರ್ಧ ಮುಷ್ಟಿ.

ತಾಟು ಹಾಕೂದರೊಳಗ
ಬಾಗಲದಾಗ ನರ್ಸಮ್ಮನ ಮೊಮ್ಮಗ.
ಏನೂ ಕೇಳಲಿಲ್ಲ, ಬರಿ ಬಟ್ಟಲ ಎತ್ತಿ ಹಿಡದ.
ಅವನ ಹಿಂದ ಮಾವ್ಶಿಯ ಸೊಸಿ, ಕೈಯಾಗ ಅದ ಹಳೀ ಡಬ್ಬಿ,
ಮುಚ್ಚಳದಾಗ ಈಗೂ ಎರಡು ಬಾರಿಹಣ್ಣು.
ಅವಳ ಹಿಂದ ನನಗ ಹೆಸರ ಗೊತ್ತಿಲ್ಲದ,
ಮೊನ್ನೆ ಮೊನ್ನೆ ಬಾಡಿಗಿಗೆ ಬಂದ ಹುಡಿಗಿ.
ಅಕಿಗೆ ಯಾರು ಹೇಳಿದರೋ.

ಕಡಾಯಿ ನೋಡಿದೆ. ಕಾಕಾನ ಕಡೆ ನೋಡಿದೆ.
ಬಟ್ಟಲ ಸಪ್ಪಳ ಅವನಿಗೆ ಕೇಳಿತ್ತು,
ಯಾವ ಬಟ್ಟಲ ಯಾರದಂತ ಸುದ್ದಾ.
ಮಾರಿ ಮ್ಯಾಲೆ ಏನೂ ತೋರಿಸಲಿಲ್ಲ.

ಮೂರು ಮನಿಗೆ ಹೋಗಿ ನಮಗ ಉಳದದ್ದು
ತಲಿಗೆ ಒಂದು ಸೌಟು ಪಲ್ಯ, ಹೆಚ್ಚಿಂದು ಚಟ್ನಿಪುಡಿ.
ಅವ್ವ ಬೈಯಲಿಲ್ಲ, ರೊಟ್ಟಿ ಮುರದು
ಕಡಾಯಿಯ ತಳಾ ಒರಿಸಿ ತಿಂದಳು.

ಕಾಕಾ ಒಂದು ತುತ್ತು ಬಾಯಿಗಿಟ್ಟು
ಭಾಳ ಹೊತ್ತು ಅಗದ.
ಉಪ್ಪು ಒಂಚೂರು ಮುಂದಾತು, ಅಂದ.
ಮುನ್ನೂರ ಮಂದಿಗೆ ಮಾಡಿದ್ದರ
ಗೊತ್ತ ಆಗತಿರಲಿಲ್ಲ.